ಯಾರೂ ಹಾಕದ ಸ್ವಿಚ್ಚು

ಮೂರು ದಿನದಿಂದ ಬಿಸಿಲು ಬಿದ್ದಿರಲಿಲ್ಲ. ನಾನು ಗಂಟೆಗೊಮ್ಮೆ ಮಹಡಿ ಹತ್ತಿ ಆಕಾಶ ನೋಡುತ್ತಿದ್ದೆ, ಇಳಿಯುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ.

"ನೀನು ನೋಡಿದ್ರೆ ಮೋಡ ಹೋಗ್ಬಿಡುತ್ತಾ? ಸುಮ್ನೆ ಒಂದ್ಕಡೆ ಕೂತ್ಕೋ" ಎಂದು ಅಮ್ಮ ಅಡುಗೆಮನೆಯಿಂದಲೇ ಗದರಿದಳು.

ಕೂರುವುದು ಹೇಗೆ? ಮರುದಿನ ಬೆಳಗಿನ ಜಾವ ನರಕ ಚತುರ್ದಶಿಯ ಎಣ್ಣೆಸ್ನಾನ. ತಂಗಿಗೆ ಮದುವೆಯಾದ ಮೇಲೆ ಅದು ಮೊದಲ ದೀಪಾವಳಿ, ಗಂಡನ ಜೊತೆ ಆಗಲೇ ಬಂದಿಳಿದಿದ್ದಳು. ಹೊಸ ಅಳಿಯನಿಗೆ ಸೂರ್ಯ ಹುಟ್ಟುವ ಮುಂಚೆ ಬಿಸಿನೀರು ಎರೆಯದಿದ್ದರೆ ಅವರ ಮನೆಯಲ್ಲಿ ತಂಗಿ ವರ್ಷವಿಡೀ ಮಾತು ಕೇಳಬೇಕಾಗುತ್ತಿತ್ತು. ಅಪ್ಪನಿಲ್ಲದ ಮನೆ. ಅಣ್ಣ ಅಂತ ಇದ್ದವನು ನಾನೊಬ್ಬನೇ.

ನೀರು ಕಾಯಿಸುವುದೂ ಒಂದು ಸಮಸ್ಯೆಯೇ ಎಂದು ಈಗ ನಗಬಹುದು. ಅದು ಎಂಬತ್ತರ ದಶಕದ ಕೊನೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಹನ್ನೆರಡು ಮನೆ, ಮೂಲೆಯಲ್ಲಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ಬೆಳಗ್ಗೆ ಎಲ್ಲರ ಗೀಸರ್ ಒಟ್ಟಿಗೆ ಹತ್ತಿತೆಂದರೆ ಫ್ಯೂಸ್ ಢಮಾರ್. ನಾನು ವಿದ್ಯುತ್ ಕಚೇರಿಯಲ್ಲಿ ಓವರ್‌ಸೀಯರ್ ಆಗಿದ್ದರಿಂದ ಬೈಗುಳವೆಲ್ಲ ನೇರ ನಮ್ಮ ಮನೆ ಬಾಗಿಲಿಗೇ ಬರುತ್ತಿತ್ತು. ರೋಸಿಹೋಗಿ, ಆಗಷ್ಟೇ ಬರತೊಡಗಿದ್ದ ಸೋಲಾರ್ ವಾಟರ್ ಹೀಟರಿನ ಹಿಂದೆ ಬಿದ್ದೆ. ಮನೆಮನೆಗೆ ಹೋಗಿ ತಲೆ ತಿಂದು, ಎರಡು ವರ್ಷದಲ್ಲಿ ಹನ್ನೆರಡು ಮಹಡಿಗಳ ಮೇಲೂ ಅದನ್ನು ಕೂರಿಸಿದೆ. ಬಿಸಿಲಿಲ್ಲದ ದಿನಕ್ಕೆ ಇರಲಿ ಎಂದು ಟ್ಯಾಂಕಿನೊಳಗೆ ಒಂದು ಕರೆಂಟಿನ ಕಾಯಿಲ್ ಇರುತ್ತಿತ್ತು. ಅಮ್ಮನ ತಾಮ್ರದ ಹಂಡೆಯನ್ನು ನಾನೇ ಪಾತ್ರೆ ಅಂಗಡಿಗೆ ಹಾಕಿ ಸ್ಟೀಲ್ ಡಬ್ಬಗಳನ್ನು ತಂದೆ, ಬಚ್ಚಲ ಒಲೆ ಒಡೆಸಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಫ್ಯೂಸ್ ಹೋಗುವುದು ನಿಂತಿತು, ನನಗೆ ಕೊಂಬು ಬಂತು. ನಮ್ಮ ಬೀದಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಮಂಜೂರಾಗುವುದರಲ್ಲಿತ್ತು. ಲೋಡ್ ಅಳೆದು, ಇಲ್ಲಿ ಅಗತ್ಯವಿಲ್ಲ, ಹತ್ತಿರದ ಲಗ್ಗೆರೆಗೆ ಕೊಡಬಹುದು ಎಂದು ಬರೆದು ಕಳಿಸಿದವನು ನಾನೇ. ಅಳೆದದ್ದು ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ. ಬಿಸಿಲು ನಂಬಿ ಕರೆಂಟು ಬಿಟ್ಟ ಹನ್ನೆರಡು ಮನೆಗಳೂ ಮೋಡ ಕವಿದ ದಿನ ಒಟ್ಟಿಗೇ ಕರೆಂಟಿಗೆ ವಾಪಸ್ ಬರುತ್ತವೆ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಮಳೆಗಾಲದಲ್ಲಿ ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ ಕಾಯಿಲ್ ಹಾಕಿಕೊಂಡು ಹೇಗೋ ನಡೆದಿತ್ತು. ಆದರೆ ಹಬ್ಬದ ಸ್ನಾನಕ್ಕೆ ಎಲ್ಲರಿಗೂ ಒಂದೇ ಹೊತ್ತು.

ಆ ಸಂಜೆ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬುವುದು ಪದ್ಧತಿ. ಹಂಡೆಯಿಲ್ಲದ ಅಮ್ಮ ಸ್ಟೀಲ್ ಬಕೆಟ್ಟಿಗೆ ಪಟ್ಟೆ ಬಳಿದು ಬಳ್ಳಿ ಸುತ್ತುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು, ಒಂದೊಂದೇ ಮನೆಯ ಕದ ತಟ್ಟಿದೆ.

"ಎಲ್ಲಾರೂ ಒಟ್ಟಿಗೆ ಕಾಯಿಲ್ ಹಾಕಿದ್ರೆ ಫ್ಯೂಸ್ ನಿಲ್ಲಲ್ಲ. ಬೆಳಗಿನ ಜಾವ ಮೂರು ಗಂಟೆಯಿಂದ ನಾಲ್ಕ್ ನಾಲ್ಕ್ ಮನೆ ಸರದಿ, ಒಂದೊಂದು ಗಂಟೆ. ಆ ತುದಿಯಿಂದ ಶುರು. ನಮ್ಮನೆ ಕೊನೇ ಸರದಿ."

ಎಲ್ಲರೂ ತಲೆಯಾಡಿಸಿದರು. "ನೀವ್ ಹೇಳ್ದಂಗೇ ಆಗ್ಲಿ" ಎಂದರು ಎದುರು ಮನೆಯ ನಿವೃತ್ತ ಮೇಷ್ಟ್ರು. ಅವರದು ಎರಡನೆಯ ಸರದಿ.

ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರೂವರೆಗೆ ಎದ್ದು ಪಡಸಾಲೆಯಲ್ಲಿ ಶತಪಥ ತಿರುಗಿದೆ. ಐದು ಗಂಟೆಯವರೆಗೆ ಕಾಯುವುದೇ? ಅಷ್ಟರಲ್ಲಿ ಕರೆಂಟೇ ಹೋದರೆ? ನೀರು ಕಾಯದಿದ್ದರೆ? ನಮ್ಮದೊಂದು ಹಾಕಿದರೆ ಏನು ಮುಳುಗಿಹೋಗುತ್ತೆ, ಹನ್ನೆರಡರಲ್ಲಿ ಒಂದು. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಸ್ವಿಚ್ ಒತ್ತಿದೆ.

ಅಮ್ಮ ಆಗಲೇ ಎದ್ದಿದ್ದಳು. ಮಗಳನ್ನೂ ಅಳಿಯನನ್ನೂ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ ಮುಗಿಸಿದಳೋ ಇಲ್ಲವೋ, ಬೀದಿಯ ಮೂಲೆಯಲ್ಲಿ ಢಮಾರ್ ಎಂದಿತು. ಕಣ್ಣಿಗೆ ಕೈ ಕಾಣದ ಕತ್ತಲು.

ಪಕ್ಕದ ರಸ್ತೆಯಲ್ಲಿದ್ದ ಲೈನ್‌ಮ್ಯಾನನ್ನು ಎಬ್ಬಿಸಿ ಸೈಕಲ್ಲಿನಲ್ಲಿ ಕರೆತಂದೆ. ಬೀದಿಯವರೆಲ್ಲ ಹೊರಗಿದ್ದರು. ಮೊಂಬತ್ತಿ ಬೆಳಕಿನಲ್ಲಿ ಎಲ್ಲರ ಹಣೆಯೂ ಎಣ್ಣೆಯಿಂದ ಮಿರಿಮಿರಿ. ಮೊದಲ ಸರದಿಯ ನಾಲ್ಕು ಮನೆಯವರು ಕಾಯಿಲ್ ಆರಿಸಿ ಬಂದರು. ಲೈನ್‌ಮ್ಯಾನ್ ಕಂಬ ಹತ್ತಿ ಹೊಸ ಫ್ಯೂಸ್ ಹಾಕಿದ. ಎರಡು ನಿಮಿಷ ನಿಲ್ಲಲಿಲ್ಲ, ಮತ್ತೆ ಢಮಾರ್.

"ಸಾರ್, ಇನ್ನೊಂದ್ಸಲಕ್ಕಾಗೋಷ್ಟೇ ತಂತಿ ಇರೋದು. ಒಳಗಡೆ ಯಾರ್ದೋ ಆನ್ ಇದಾವೆ, ಒಂದಲ್ಲ, ಸುಮಾರು ಇದಾವೆ. ಎಲ್ಲಾ ಆಫ್ ಆಗ್ಲಿ, ಆಮೇಲೆ ಹಾಕ್ತೀನಿ" ಎಂದ.

"ನಮ್ದು ಹಾಕೇ ಇಲ್ಲಪ್ಪ. ನಮ್ಮ ಸರದೀನೇ ಬಂದಿಲ್ವಲ್ಲ" ಎಂದರು ಮೇಷ್ಟ್ರು. ಪಕ್ಕದವರೂ ಹಾಕಿರಲಿಲ್ಲ, ಅದರಾಚೆಯವರೂ ಹಾಕಿರಲಿಲ್ಲ. ನಾನು ಓವರ್‌ಸೀಯರ್ ಗತ್ತಿನಲ್ಲಿ, "ಹಾಗಾದ್ರೆ ಫ್ಯೂಸ್ ಸುಮ್ ಸುಮ್ನೆ ಹೋಯ್ತಾ?" ಎಂದು ಗುಡುಗಿದೆ. ಗುಡುಗುವಾಗಲೂ ಒಳಗೆ ಹೋಗಿ ನಮ್ಮದನ್ನು ಆರಿಸಿ ಬರಲು ನೆಪ ಹುಡುಕುತ್ತಿದ್ದೆ. ಹೋದರೆ ಗೊತ್ತಾಗುತ್ತೆ, ಹೋಗದಿದ್ದರೆ ಕರೆಂಟಿಲ್ಲ.

ಆಗ ಬಾಗಿಲ ಬಳಿ ನಿಂತಿದ್ದ ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಮ್ಮನೇದು ಆನ್ ಇದೆ ಮೇಷ್ಟ್ರೇ. ಮೂರೂವರೇಗೆ ನನ್ನ ಮಗಾನೇ ಹಾಕ್ದ. ಟಪ್ ಅಂದಿದ್ದು ನಂಗೆ ಕೇಳಿಸ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ತಂಗಿಯ ಗಂಡ ನನ್ನನ್ನೇ ನೋಡುತ್ತಿದ್ದ. ಅಮ್ಮನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಒಳಗೆ ಹೋಗಿ ಸ್ವಿಚ್ ಆರಿಸಿದೆ.

ಹೊರಗೆ ಬಂದಾಗ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ನಮ್ಮನೇಲೂ ಒಂದ್ಸಲ ನೋಡ್ಬರ್ತೀನಿ" ಎಂದು ಒಳಗೆ ಹೋದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಆ ಕತ್ತಲಲ್ಲಿ ಮನೆ ಮನೆಯಿಂದಲೂ ಟಪ್ ಟಪ್ ಎಂದು ಕೇಳಿಸಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಈ ಸಲ ಫ್ಯೂಸ್ ನಿಂತಿತು. ಆಗಲೇ ಐದು ಗಂಟೆ. ನಾಲ್ಕು ನಾಲ್ಕು ಮನೆಗೆ ಅರ್ಧರ್ಧ ಗಂಟೆ ಎಂದು ಹೊಸದಾಗಿ ಸರದಿ ಮಾಡಿದೆವು. "ನಮ್ದು ಕೊನೇದೇ ಇರ್ಲಿ" ಎಂದಳು ಅಮ್ಮ. ಮೊದಲ ಸರದಿ ಸಿಕ್ಕಿದ್ದ ಮೇಷ್ಟ್ರು ನಮ್ಮ ಬಾಗಿಲಿಗೇ ಬಂದರು. "ಅಳಿಯಂದ್ರು, ಮಗಳು ನಮ್ಮನೇಲಿ ನೀರು ಹಾಕ್ಕೊಳ್ಳಲಿ ತಾಯಿ. ಮೊದಲ್ನೇ ಹಬ್ಬ."

ಅವರ ಬಚ್ಚಲಿನಲ್ಲಿ ಮಿಂದು, ಹೊಸ ಪಂಚೆ ಉಟ್ಟು ಬಂದ ತಂಗಿಯ ಗಂಡ, "ಭಾವ, ಒಂದೇ ಹಬ್ಬಕ್ಕೆ ಎರಡು ಅತ್ತೆ ಮನೆ ಆಯ್ತು ನಂಗೆ" ಎಂದು ನಕ್ಕ. ನನಗೆ ಹೋದ ಜೀವ ಬಂದ ಹಾಗಾಯಿತು.

ನಮ್ಮ ಸರದಿ ಬಂದಾಗ ಬೆಳ್ಳಗೆ ಬೆಳಕಾಗಿತ್ತು. ಅಮ್ಮ ಪಟ್ಟೆ ಬಳಿದ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ಹಿಡಿದುಕೊಂಡಳು. "ಹುಟ್ಟಿದಾಗಿಂದ ಬೆಳಕಲ್ಲಿ ಹಬ್ಬದ ನೀರು ಹಾಕ್ಕೊಂಡಿದ್ದಿಲ್ಲ" ಎಂದಳು.

"ತಪ್ಪಾಯ್ತಮ್ಮ" ಎಂದೆ.

"ನಂಗ್ಯಾಕೆ ಹೇಳ್ತೀಯ, ನಿನ್ನ ಆಫೀಸಿಗೆ ಬರಿ."

ಬರೆದೆ. ನಾನು ಅಳೆದದ್ದು ಬಿಸಿಲಿನ ದಿನ, ಮೋಡದ ದಿನ ಅಳೆಯಬೇಕಿತ್ತು, ತಪ್ಪು ನನ್ನದು ಎಂದು ಬರೆದೆ. ಆದರೆ ಮರುವರ್ಷದ ದೀಪಾವಳಿಗೂ ದೊಡ್ಡ ಟ್ರಾನ್ಸ್‌ಫಾರ್ಮರ್ ಬರಲಿಲ್ಲ. ಮೋಡ ಮಾತ್ರ ತಪ್ಪದೆ ಬಂತು. ನೀರು ತುಂಬುವ ಸಂಜೆ ಅಮ್ಮ ಹಾಗಲಬಳ್ಳಿಯನ್ನು ಬಕೆಟ್ಟಿಗೆ ಸುತ್ತಲಿಲ್ಲ, ಕಾಯಿಲ್ ಸ್ವಿಚ್ಚಿನ ಹಲಗೆಗೆ ಅಡ್ಡಡ್ಡ ಸುತ್ತಿ ಗಂಟು ಹಾಕಿದಳು.

"ನಮ್ಮ ಸರದಿ ಬಂದಾಗ ನಾನೇ ಬಿಚ್ತೀನಿ" ಎಂದಳು.

ಮೂರು ಗಂಟೆಗೆ ಎದ್ದೆ. ಆ ಬಳ್ಳಿಯ ಎದುರಿಗೆ ಮಣೆ ಹಾಕಿಕೊಂಡು, ಅಮ್ಮ ಬರುವವರೆಗೂ ಸುಮ್ಮನೆ ಒಂದು ಕಡೆ ಕೂತಿದ್ದೆ.