ಎಣ್ಣೆ ಒರೆಸದ ಎದೆ

ಎಂದಿನಂಥದೇ ದಿನ ಅದು. ತೆರಕಣಾಂಬಿಯ ನಮ್ಮ ಹಿತ್ತಲಿನಲ್ಲಿ ಅರಿಶಿನ ಬೇಯಿಸಿ ಹರವಿದ್ದೆವು. ಸಂಜೆ ನನ್ನ ಗಂಡ ಎದೆ ಹಿಡಿದಂತಾಗುತ್ತಿದೆ ಅಂದರು. ಅತ್ತೆ ಹರಳೆಣ್ಣೆ ಬಿಸಿ ಮಾಡಿ ಮಗನ ಎದೆಗೂ ಹೊಕ್ಕುಳಿಗೂ ತಿಕ್ಕಿದರು. ವಾಯು ಅಂದರೆ ನಮ್ಮಲ್ಲಿ ಮೊದಲ ಮದ್ದು ಅದೇ.

ಬೆಳಿಗ್ಗೆಯೂ ಹಿಡಿತ ಬಿಡಲಿಲ್ಲ. ಗುಂಡ್ಲುಪೇಟೆಯಲ್ಲಿ ಇಸಿಜಿ ತೆಗೆಯುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ನಮ್ಮವನು ಎಂದೇ ಅವನ ಹತ್ತಿರ ಹೋದೆವು.

ಎದೆಗೆ ಒತ್ತಿದ, ಯಂತ್ರದ ವೈರಿನ ರಬ್ಬರ್ ಬುರುಡೆಗಳು ಜಾರಿ ಬಿದ್ದವು.

"ಏನ್ ಬಾವ, ಕುಸ್ತಿಗೆ ಒಂಟಿದ್ದೀಯಾ? ಮೈಯೆಲ್ಲ ಎಣ್ಣೆ!" ಅಂದ.

"ಅವ್ವ ತಿಕ್ಬುಟ್ಟದೆ ಕಣ್ಲಾ" ಎಂದು ಇವರೂ ನಕ್ಕರು.

ಅವನು ಬುರುಡೆಗಳನ್ನು ಅದೇ ಎಣ್ಣೆಯ ಮೇಲೆ ಮತ್ತೆ ಒತ್ತಿದ. ಕಾಗದದಲ್ಲಿ ಗೆರೆ ತೇಲುತ್ತ, ನಡುಗುತ್ತ ಬಂತು.

"ಒರ್ಸಿ ಇನ್ನೊಂದ್ಸಲ ತಗಿಯಪ್ಪ" ಅಂದೆ.

"ಎಣ್ಣೆಗೆ ಕುಣೀತದೆ ಕಣಕ್ಕ, ಏನಿಲ್ಲ ಬುಡು. ಆಚೆ ಜನ ಕಾಯ್ತಾವ್ರೆ."

ಒಳಗಿದ್ದ ಡಾಕ್ಟರಿಗೂ ಹಾಗೇ ಹೇಳಿದ. ಅವರು ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಮರುದಿನ ನನ್ನ ಗಂಡ ಹಿತ್ತಲಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಮಣ್ಣಿಗೆ ಬಂದ ಚಿಕ್ಕಪ್ಪನ ಮಗ ಎಲ್ಲರ ಎದುರು ಅತ್ತೆಗೆ ಅಂದ: "ನೀನು ಎಣ್ಣೆ ಬಳೀದೆ ಇದ್ದಿದ್ರೆ ಮಿಷಿನ್ನಲ್ಲಿ ಗೊತ್ತಾಗ್ತಿತ್ತು ಕಣತ್ತೆ."

ನೆಂಟರು ತಲೆಯಾಡಿಸಿದರು. ನಾನೂ ನಂಬಿದೆ. ಅತ್ತೆ ಅಂದಿನಿಂದ ತಲೆಗೂ ಎಣ್ಣೆ ಮುಟ್ಟಿಸಲಿಲ್ಲ.

ಈಚೆಗೆ ಅತ್ತೆಯ ಕಣ್ಣಿನ ಪೊರೆ ತೆಗೆಸುವ ಮುನ್ನ ಚಾಮರಾಜನಗರದಲ್ಲಿ ಇಸಿಜಿ ಮಾಡಿಸಬೇಕಾಯಿತು. ಮಲಗಿದ ಅತ್ತೆ ನರ್ಸನ್ನು ಕೇಳಿದರು: "ಎಣ್ಣೆ ಇದ್ರೆ ಇದು ಬರಕಿಲ್ವಾ ಮಗ?"

"ಇದ್ರೇನಜ್ಜಿ? ಸ್ಪಿರಿಟಲ್ಲಿ ಒರ್ಸಿ, ಜೆಲ್ ಹಚ್ಚಿ ತಗೀತೀವಿ. ಸುಮ್ನೆ ಮಲಿಕ್ಕೊ, ನೀ ಮಾತಾಡುದ್ರೂ ಗೆರೆ ಕುಣೀತದೆ."

ಆದರೂ ಗೆರೆ ನಡುಗಿತು. ಅವಳು ಮಣಿಕಟ್ಟಿನ ಕ್ಲಿಪ್ಪು ಬಿಚ್ಚಿ, ಅಲ್ಲಿ ಒರೆಸಿ, ಸಡಿಲವಾಗಿದ್ದ ವೈರನ್ನು ಒತ್ತಿ ಇನ್ನೊಮ್ಮೆ ತೆಗೆದಳು. ಗೆರೆ ನಡುಗದೆ ಸ್ಪಷ್ಟವಾಗಿ ಬಂತು. ಇಷ್ಟೇ ಕೆಲಸ.

ಬಸ್ಸಿನಲ್ಲಿ ಅತ್ತೆ ಕೇಳಿದರು: "ಒರ್ಸುದ್ರೆ ಓಯ್ತದೆ ಅಂತ ಅವನ್ಗೂ ಗೊತ್ತಿತ್ತಾ?"

"ದಿನಾ ಮಾಡೋ ಕೆಲ್ಸ ಅಲ್ವಾ ಅತ್ತೆ, ಗೊತ್ತಿಲ್ದೆ ಇರ್ತದಾ?"

"ಮತ್ತೆ ನನ್ ಮ್ಯಾಕ್ ಯಾಕ್ ಆಕ್ದ ಕಣಮ್ಮಿ?"

ಅವನು ಇವತ್ತಿಗೂ ಗುಂಡ್ಲುಪೇಟೆಯಲ್ಲೇ ಇಸಿಜಿ ತೆಗೆಯುತ್ತಾನೆ. ಹಬ್ಬಕ್ಕೆ ಕರೆಯುತ್ತಾನೆ, ನಾನು ಹೋಗುವುದಿಲ್ಲ. ತಪ್ಪು ನಿನ್ನದಲ್ಲ ಎಂಬ ಒಂದು ಮಾತನ್ನು ಅವನು ಅತ್ತೆಗೆ ಇನ್ನೂ ಹೇಳಿಲ್ಲ.