ಅಮ್ಮನಿಗೆ ನಿದ್ದೆ ಬರುವುದಿಲ್ಲ

ಈ ಊರಿನಲ್ಲಿ ನಮ್ಮ ಕನ್ನಡ ಮನೆಗಳಿಗೆ ಮಕ್ಕಳೇ ನಾಲಿಗೆ. ಗ್ಯಾಸಿನವನು ಬಂದರೂ, ರೇಷನ್ ಅಂಗಡಿಗೆ ಹೋದರೂ, ತಮಿಳು ಮಾತಾಡಲು ಮಗುವನ್ನೇ ಮುಂದೆ ಬಿಡುತ್ತೇವೆ. ನಾನೂ ಎಂಟು ವರ್ಷದವಳಿದ್ದಾಗ ಅಜ್ಜಿಯ ಹಲ್ಲುನೋವನ್ನು ಡಾಕ್ಟರಿಗೆ ವಿವರಿಸಿ ಶಭಾಷ್ ಗಿಟ್ಟಿಸಿದವಳೇ. ಹಾಗಾಗಿ ಕೆಳಗಿನ ಮನೆಯ ಹುಡುಗಿ ತಿಂಗಳಿಗೊಮ್ಮೆ ತಾಯಿಯ ಕೈ ಹಿಡಿದು ಆಸ್ಪತ್ರೆಗೆ ಹೊರಟಾಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹುಡುಗಿಗೆ ಹತ್ತು ವರ್ಷ. ಅಪ್ಪ ಅಣ್ಣಾ ನಗರದ ಹೋಟೆಲೊಂದರಲ್ಲಿ ಅಡುಗೆಯವನು; ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದ. ತಾಯಿ ಉಡುಪಿ ಕಡೆಯವಳು, ತಮಿಳು ಬಾರದು. ಒಂದು ವರ್ಷದಿಂದ ಗೋಡೆಗೆ ಮುಖ ಮಾಡಿ ಒಬ್ಬಳೇ ಮಾತಾಡುತ್ತಿದ್ದಳು. ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಹುಡುಗಿಯ ಪಾಲಿಗೇ. ಪುರಸೈವಾಕ್ಕಂನ ನಮ್ಮ ಕಟ್ಟಡದ ಹೆಂಗಸರೆಲ್ಲ, ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು. ನಾನಂತೂ ಒಂದು ಬಟ್ಟಲು ಹುಳಿ ಕಳಿಸಿ, ದೊಡ್ಡ ಉಪಕಾರ ಮಾಡಿದವಳಂತೆ ನೆಮ್ಮದಿಯಾಗಿರುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ದಿನ ನನಗೂ ಬಿಪಿ ಮಾತ್ರೆ ಬೇಕಿತ್ತು, ಜೊತೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕನ್ನಡ ತಿಳಿಯದು. ಹೇಗಿದ್ದಾರೆ ಎಂದು ತಮಿಳಿನಲ್ಲಿ ಕೇಳಿದರು. ತಾಯಿ ಮೇಜಿನ ಅಂಚು ಹಿಡಿದುಕೊಂಡು ಸ್ಪಷ್ಟವಾಗಿ ಹೇಳಿದಳು:

"ಈ ಮಗುವನ್ನು ಟೆರೇಸಿನಿಂದ ದೂಡು ಅಂತ ಕಿವಿಯಲ್ಲಿ ಒಂದು ಸ್ವರ ಹೇಳ್ತಾ ಉಂಟು. ಇವತ್ತು ಬೆಳಿಗ್ಗೆ ಸಹ ಹೇಳಿತು."

ಹುಡುಗಿ ರೆಪ್ಪೆ ಮಿಟುಕಿಸಲಿಲ್ಲ. "ಅಮ್ಮಾವುಕ್ಕು ತೂಕ್ಕಮೇ ವರಲೆ, ಡಾಕ್ಟರ್," ಎಂದಳು. ಅಮ್ಮನಿಗೆ ನಿದ್ದೆಯೇ ಬರುವುದಿಲ್ಲವಂತೆ! ಡಾಕ್ಟರು ತಲೆಯಾಡಿಸಿ ನಿದ್ದೆ ಮಾತ್ರೆ ಬರೆದರು. ಎರಡೂ ಭಾಷೆ ಬಲ್ಲ ನಾನು ಬಾಯಿ ಬಿಡದೆ ಕೂತಿದ್ದೆ. ಇನ್ನೊಬ್ಬರ ಮನೆಯ ಮಾತು, ನಾನೇಕೆ ನಡುವೆ ಬಾಯಿ ಹಾಕಲಿ ಎಂಬ ಸಂಕೋಚ. ಎಂಥ ಹಾಳು ಸಂಕೋಚವೋ!

ಹೊರಗೆ ಬಂದು, ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ಹುಡುಗಿಯನ್ನು ಪಕ್ಕಕ್ಕೆ ಕರೆದೆ. "ಯಾಕೆ ಪುಟ್ಟಿ, ಒಳಗೆ ಹಾಗೆ ಹೇಳಿದೆ?"

"ನಿಜ ಹೇಳಿದ್ರೆ ಅಮ್ಮನನ್ನು ಇಲ್ಲೇ ಇಟ್ಟುಕೊಳ್ತಾರೆ ಆಂಟಿ. ಪ್ಲೀಸ್, ಸೊಲ್ಲಾದೀಂಗ, ಹೇಳ್ಬೇಡಿ. ಟೆರೇಸ್ ಬಾಗಿಲಿಗೆ ನಾನೇ ಬೀಗ ಹಾಕಿದ್ದೇನೆ. ಕೀ ನನ್ನ ಸ್ಕೂಲ್ ಬ್ಯಾಗಲ್ಲಿ ಉಂಟು."

ಬಟ್ಟೆ ಒಣಗಿಸಲು ಹೋಗಿ, ಯಾರ ಕೆಲಸ ಇದು ಎಂದು ನಾವೆಲ್ಲ ಬೈಯುತ್ತಿದ್ದ ಬೀಗ ಅದು. ಮತ್ತೆ ಡಾಕ್ಟರ ಕೋಣೆಗೆ ನುಗ್ಗಿದೆ. ಹುಡುಗಿ ನನ್ನ ಸೆರಗು ಜಗ್ಗಿ, ಬೇಡ ಆಂಟಿ, ಬೇಡ ಎಂದು ಅಳುತ್ತಲೇ ಬಂದಳು. ಅಳು ಕೇಳಿ ತಾಯಿಯೂ ಹಿಂದೆಯೇ ಬಂದಳು. ತಾಯಿ ಹೇಳಿದ್ದನ್ನು ನಾನು ತಮಿಳಿನಲ್ಲಿ ಒಂದು ಮಾತೂ ಬಿಡದೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಎಷ್ಟು ದಿನದಿಂದ ಕೇಳಿಸುತ್ತಿದೆ, ಅವರನ್ನೇ ಕೇಳಿ, ಎಂದರು. ನಾನು ಕನ್ನಡದಲ್ಲಿ ಕೇಳಿದೆ.

ತಾಯಿ ನನ್ನನ್ನೂ ಡಾಕ್ಟರನ್ನೂ ದಿಟ್ಟಿಸಿ ನೋಡಿದಳು.

"ಈಗ ಎಂತ ಕೇಳುದು? ಬಂದಾಗಲೆಲ್ಲ ಹೇಳ್ತಾ ಇದ್ದೇನಲ್ಲ. ಮಗುವನ್ನು ನನ್ನಿಂದ ದೂರ ಇಡಿ ಅಂತ ಕೈ ಮುಗಿದು ಸಹ ಕೇಳಿದ್ದೇನೆ. ಇವರು ಮಾತ್ರೆ ಬರೆದು ಕಳಿಸ್ತಾರೆ."

ಸೆರಗು ಹಿಡಿದಿದ್ದ ಪುಟ್ಟ ಕೈ ಸಡಿಲವಾಯಿತು. ಆ ಮಾತನ್ನೂ ನಾನು ತಮಿಳಿನಲ್ಲಿ ಹೇಳಬೇಕಾಯಿತು.