ಅಡ್ಡಪಟ್ಟಿ ಇಳಿದ ಶನಿವಾರಗಳು

ಸಂಜೆ ಆರು ಗಂಟೆ ಹದಿನೈದು ನಿಮಿಷಕ್ಕೆ ಕಾಸಿಲ್ದಾ, ಮೊಟ್ಟೆ ಬೇಯಿಸುವಾಗ ಬಳಸುವ ಚಿಕ್ಕ ಗಡಿಯಾರವನ್ನು ಒಂದು ನಿಮಿಷಕ್ಕೆ ತಿರುಗಿಸಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಅದು ಗಂಟೆ ಬಾರಿಸುವವರೆಗೆ ಎಡಗೈ ಬೆರಳುಗಳನ್ನು ಗಿಟಾರಿನ ಒಂದು ಹಿಡಿತದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಬದಲಿಸುತ್ತ ಹೋದಳು. ತಂತಿ ಗೊರಗುಟ್ಟಿದರೆ ಅದು ಲೆಕ್ಕಕ್ಕಿಲ್ಲ. ಎಲ್ಲ ತಂತಿಗಳೂ ಸ್ಪಷ್ಟವಾಗಿ ನುಡಿದರೆ ಮಾತ್ರ ಒಂದು. ಗಂಟೆ ಬಾರಿಸಿತು. ನೋಟ್‌ಬುಕ್ ತೆರೆದು ಬರೆದಳು: 14 ಡಿಸೆಂಬರ್ 2013, ಶನಿವಾರ. ಅಭ್ಯಾಸ ಮೂವತ್ತೈದು ನಿಮಿಷ. ತಾಳಯಂತ್ರ ಎಪ್ಪತ್ತೆರಡು. ಹಿಡಿತದ ಬದಲಾವಣೆ, ನಿಮಿಷಕ್ಕೆ ಮೂವತ್ತೊಂದು.

ಬಾಗಿಲಾಚೆಯ ಬೆಂಚಿನ ಮೇಲೆ ಅವಳ ಅಣ್ಣ ಫೆರ್ಮಿನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದ. ಬೀದಿಯ ಕೊನೆಯ ವಠಾರದ ಅಂಗಳದಲ್ಲಿ ಅಂದು ಕ್ರಿಸ್‌ಮಸ್ ಹಾಡಿನ ಕೂಟ. ಬೆಂಕಿ ಹಾಕುವ ಸೌದೆಯ ವಾಸನೆ ಆಗಲೇ ಇಲ್ಲಿಯವರೆಗೆ ಬಂದಿತ್ತು.

“ಎಷ್ಟಾಯ್ತು?” ಫೆರ್ಮಿನ್ ಅಲ್ಲಿಂದಲೇ ಕೂಗಿದ.

“ಮೂವತ್ತೊಂದು.”

“ಸಾಕಲ್ವೇನೇ ಹುಡುಗೀ? ಹಾಡೋನು ನಾನೊಬ್ಬನೇ. ಮೂವತ್ತೊಂದು ಜನ ಅಲ್ಲ.”

“ಅರವತ್ತಾಗೋ ತನಕ ಜನರ ಮುಂದೆ ಕೂರಲ್ಲ ಅಂದಿದ್ನಲ್ಲ ಫೆರ್ಮಿನ್. ಅರ್ಧ ಬೆಂದಿದ್ದನ್ನ ಬಡಿಸೋಕಾಗುತ್ತಾ? ಮುಂದಿನ ವರ್ಷ.”

“ಮುಂದಿನ ವರ್ಷ,” ಎಂದು ಫೆರ್ಮಿನ್ ಟೋಪಿ ಹಾಕಿಕೊಂಡ. ಕೂಟಕ್ಕೆ ಹೋದ, ಚಪ್ಪಾಳೆ ತಟ್ಟಿದ, ಹಾಡಲಿಲ್ಲ. ಯಾರೋ ಹಾಗೇ ಒಂದು ಎತ್ತಪ್ಪಾ ಎಂದದ್ದಕ್ಕೆ, “ಗಿಟಾರ್ ಇಲ್ದೆ ಹಾಡೋಕೆ ನಾನೇನು ಬಟ್ಟೆ ಒಗೀತಿದೀನಾ?” ಎಂದನಂತೆ.

ಹೆರೆಸ್ ಪಟ್ಟಣದಲ್ಲಿ ಗಿಟಾರ್ ನುಡಿಸುವವರಿಗೆ ಬರವಿರಲಿಲ್ಲ. ಆದರೆ ಮೂವತ್ತೆರಡು ವರ್ಷ ಫೆರ್ಮಿನ್‌ಗೆ ನುಡಿಸಿದ್ದು ಬಾಲ್ದೊಮೆರೊ ಒಬ್ಬನೇ. ಪಾರ್ಶ್ವವಾಯು ಬಡಿದು ಬಾಲ್ದೊಮೆರೊನ ಬಲಗೈ ಬಿದ್ದುಹೋದ ದಿನದಿಂದ ಫೆರ್ಮಿನ್ ಬಾಯಿ ಮುಚ್ಚಿಕೊಂಡಿದ್ದ. ವೈನ್ ಪೀಪಾಯಿ ಮಾಡುವ ಕೆಲಸದಿಂದ ನಿವೃತ್ತನಾಗಿದ್ದ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಹಾಡೊಂದು ಉಳಿದಿತ್ತು. ಅಣ್ಣನ ಮನೆಯ ಆ ಮೌನವನ್ನು ಮೂರು ತಿಂಗಳು ನೋಡಿ ಕಾಸಿಲ್ದಾ ಆ ವರ್ಷದ ಜನವರಿ ಆರರಂದು, ಮೂರು ರಾಜರ ಹಬ್ಬದ ಬೆಳಗ್ಗೆ, ಅವನ ಊಟದ ಮೇಜಿನ ಮೇಲೆ ಒಂದು ಗಿಟಾರ್ ಪೆಟ್ಟಿಗೆ ತಂದಿಟ್ಟಳು. ಹಬ್ಬಕ್ಕೆ ಉಡುಗೊರೆ ಕೊಡುವುದು ವಾಡಿಕೆ. ಫೆರ್ಮಿನ್ ಪೆಟ್ಟಿಗೆ ತೆರೆದು, “ನಾನೇನು ಮಾಡ್ಲೇ ಇದನ್ನ?” ಎಂದ.

“ಗಿಟಾರ್ ನಂದು. ನಿನಗೆ ಕೊಡ್ತಿರೋದು ನನ್ನ,” ಎಂದಳು.

ಆಗ ಅವಳಿಗೆ ಐವತ್ತನಾಲ್ಕು. ಮದುವೆಯಾಗಿರಲಿಲ್ಲ. ಪಟ್ಟಣದ ನೀರಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷಗಳ ಕೆಲಸ. ದಿನಾ ಬೆಳಗ್ಗೆ ಹನ್ನೊಂದು ನಲ್ಲಿಗಳ ನೀರು ಹಿಡಿದು ತಂದು ಕ್ಲೋರಿನ್ ಎಷ್ಟಿದೆ ಎಂದು ದಶಮಾಂಶದ ಎರಡು ಸ್ಥಾನದವರೆಗೆ ಅಳೆಯುವಳು. ಸಂಶಯ ಬಂದರೆ ಮತ್ತೆ ಅಳೆಯುವಳು. ಗಿಟಾರನ್ನೂ ಅವಳು ಹಾಗೆಯೇ ಹಿಡಿದಳು. ದಿನಾಂಕ, ನಿಮಿಷ, ತಾಳ, ಬದಲಾವಣೆ, ಹೀಗೆ ನಾಲ್ಕು ಕಾಲಮುಗಳ ನೋಟ್‌ಬುಕ್. ಜ್ವರ ಬಂದ ದಿನವೂ ಬರೆದಿದ್ದಾಳೆ: ಹನ್ನೆರಡು ನಿಮಿಷ, ಜ್ವರ 38.4.

“ಬರ್ಕೋ, ಬರ್ಕೋ,” ಎಂದು ಫೆರ್ಮಿನ್ ಕೆಣಕುವನು. “ಹಾಡಲ್ಲಿ ಕ್ಲೋರಿನ್ ಎಷ್ಟಿದೆ ಅಂತಾನೂ ಬರ್ಕೋ.” ಆದರೆ ತಂಗಿ ನನಗಾಗಿ ಕಲಿಯುತ್ತಿದ್ದಾಳೆಂದು ಇಡೀ ಬೀದಿಗೆ ಸಾರಿದ್ದವನು ಅವನೇ. ಹಾಗಾಗಿ ಬೇರೆಯವರ ಗಿಟಾರಿಗೆ ಹಾಡುವುದು ಇನ್ನು ಅವನಿಂದಾಗದ ಮಾತು. ಪ್ರತಿ ಶನಿವಾರ ಸಂಜೆ ಬಂದು ಬಾಗಿಲಲ್ಲಿ ನಿಂತು, “ಇವತ್ತು?” ಎನ್ನುವನು. ಅವಳು, “ಇನ್ನೂ ಇಲ್ಲ” ಎನ್ನುವಳು. ಅವನು ಬೆಂಚಿನ ಮೇಲೆ ಕೂತು, ಮುಚ್ಚಿದ ಬಾಗಿಲಿನಾಚೆಯ ಅಭ್ಯಾಸವನ್ನು ಕೇಳಿಸಿಕೊಂಡು ಹೋಗುವನು.

ಬದಲಾವಣೆ ನಲವತ್ತು ದಾಟಿದಾಗ, 2014ರ ಮಾರ್ಚ್ ಮೊದಲ ಶನಿವಾರ, ಅವಳು ಬಾಗಿಲು ತೆರೆದಳು. ಜನರ ಮುಂದೆ ಅಲ್ಲ, ಅಡುಗೆಮನೆಯಲ್ಲಿ ಮಾತ್ರ. ಫೆರ್ಮಿನ್ ಕುರ್ಚಿಯ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡು, “ಆರಕ್ಕೆ ಹಾಕು,” ಎಂದ.

ಗಿಟಾರಿನ ಕುತ್ತಿಗೆಯ ಮೇಲೆ ತಂತಿಗಳನ್ನು ಒಟ್ಟಿಗೆ ಅದುಮಿ ಬಿಗಿಯುವ ಸಣ್ಣ ಮರದ ಅಡ್ಡಪಟ್ಟಿಯೊಂದಿರುತ್ತದೆ. ಕುತ್ತಿಗೆಯುದ್ದಕ್ಕೂ ಇರುವ ಲೋಹದ ಮೆಟ್ಟಿಲುಗಳಲ್ಲಿ ಅದನ್ನು ಎಷ್ಟನೆಯದಕ್ಕೆ ಬಿಗಿಯುತ್ತೇವೋ ಅಷ್ಟು ಶ್ರುತಿ ಏರುತ್ತದೆ. ಹಾಡುವವನು ಮೊದಲು ತನ್ನ ಮೆಟ್ಟಿಲನ್ನು ಹೇಳುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಕಾಸಿಲ್ದಾ ಆರಕ್ಕೆ ಬಿಗಿದಳು. ಮರೆಯದಿರಲೆಂದು ನೋಟ್‌ಬುಕ್ಕಿನಲ್ಲಿ ಐದನೆಯ ಕಾಲಂ ಎಳೆದು 6 ಎಂದು ಬರೆದಳು.

ಏಪ್ರಿಲ್ ಕೊನೆಯಲ್ಲಿ ಫೆರ್ಮಿನ್, “ಐದಕ್ಕೆ ಹಾಕು,” ಎಂದ.

“ನಿಂದು ಆರಲ್ವಾ?”

“ಅಲ್ಲಿ ಮೆಟ್ಟಿಲು ಒತ್ತೊತ್ತಾಗಿರುತ್ವೆ, ಬೆರಳು ಚಾಚೋ ಕಷ್ಟವೇ ಇಲ್ಲ. ಇಳೀತಾ ಇಳೀತಾ ಅಗಲ ಆಗುತ್ತೆ. ನಿನ್ನ ಕೈ ಬಲಿತಿದೆ ಕಣೇ. ಎಷ್ಟು ದಿನ ಅಂತ ಮಕ್ಕಳ ಕ್ಲಾಸಲ್ಲಿ ಕೂರ್ತೀಯ?”

ಅವನು ಹೋದ ಮೇಲೆ ಅವಳು ಅಳತೆಪಟ್ಟಿ ಹಿಡಿದು ನೋಡಿದಳು. ಆರರ ಮುಂದಿನ ಅಂತರ ಇಪ್ಪತ್ತಾರು ಮಿಲಿಮೀಟರು, ಐದರ ಮುಂದೆ ಇಪ್ಪತ್ತೇಳು ಚಿಲ್ಲರೆ, ಒಂದರ ಮುಂದೆ ಮೂವತ್ತನಾಲ್ಕು. ಫೆರ್ಮಿನ್ ಹೇಳಿದ್ದು ನಿಜ. 5 ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ಬಡ್ತಿ’ ಎಂದು ಸೇರಿಸಿದಳು.

ಜೂನ್‌ನಲ್ಲಿ ನಾಲ್ಕು. ಆಗಸ್ಟ್‌ನಲ್ಲಿ ಮೂರು. ಸೆಪ್ಟೆಂಬರ್ ಕೊನೆಗೆ ಎರಡು. ಪ್ರತಿ ಸಲವೂ ಬೆರಳು ಹೊಸದಾಗಿ ನೋಯುತ್ತಿತ್ತು, ಬದಲಾವಣೆಯ ಎಣಿಕೆ ಒಂದು ವಾರ ಕುಸಿದು ಮತ್ತೆ ಏರುತ್ತಿತ್ತು. ಪ್ರತಿ ಸಲವೂ ಅವಳು ‘ಬಡ್ತಿ’ ಎಂದು ಬರೆದು ನಗುತ್ತಿದ್ದಳು. ಎರಡು ಹಾಡಿನ ನಡುವೆ ಅವನು ನೀರು ಕುಡಿಯುವುದು ಜಾಸ್ತಿಯಾಗಿತ್ತು. ಅಲ್ಲಿ ಅದು ಬೇಸಿಗೆಯಲ್ಲವೇ, ಯಾರು ಕುಡಿಯುವುದಿಲ್ಲ?

ಬಾಲ್ದೊಮೆರೊ ಬುಧವಾರಗಳಂದು ಅವಳಿಗೆ ಪಾಠ ಹೇಳುತ್ತಿದ್ದ. ಕೈಯಿಂದ ತೋರಿಸಲಾಗದು, ಬಾಯಲ್ಲೇ ತಂತಿಯ ಸದ್ದು ಮಾಡಿ ತೋರಿಸುವನು. ನೋಟ್‌ಬುಕ್ಕನ್ನು ಕಂಡರೆ ಅವನಿಗಾಗದು. “ಒಳಗಿಡು ಆ ಆಸ್ಪತ್ರೆ ಕಾಗದಾನ. ಹಾಡೋನ ಬಾಯಿ ನೋಡು,” ಎನ್ನುವನು. ಅಕ್ಟೋಬರ್ 15ರಂದು ಅವಳೇ ಒತ್ತಾಯದಿಂದ ಅವನ ಮುಂದೆ ಹಿಡಿದಳು. ಬದಲಾವಣೆ ಐವತ್ತೆರಡು ಮುಟ್ಟಿತ್ತು. ಡಿಸೆಂಬರ್‌ಗೆ ಇನ್ನು ಎಂಟೇ ಬಾಕಿ.

“ನೋಡಿ ಮಾಸ್ತರೇ, ಒಂದ್ಸಲ ನೋಡಿ. ಎರಡನೇ ಮೆಟ್ಟಿಲಲ್ಲಿ ಐವತ್ತೆರಡು.”

ಬಾಲ್ದೊಮೆರೊ ಕನ್ನಡಕ ಹಾಕಿಕೊಂಡ. ಎಡಗೈಯ ಹೆಬ್ಬೆರಳು ಕೊನೆಯ ಕಾಲಮಿನ ಮೇಲೆ ಮೆಲ್ಲನೆ ಇಳಿದು ಬಂತು. ಮತ್ತೆ ಮೇಲಕ್ಕೆ ಹೋಗಿ ಮತ್ತೆ ಇಳಿಯಿತು.

“ಇದು ಯಾರು ಹೇಳಿದ ಮೆಟ್ಟಿಲು?”

“ಫೆರ್ಮಿನ್. ನನ್ನ ಕೈ ಪಳಗಿದ ಹಾಗೆ ಒಂದೊಂದೇ ಇಳಿಸ್ತಿದಾನೆ.”

“ಮೂವತ್ತೆರಡು ವರ್ಷ ಆರು ಬಿಟ್ಟು ಕದಲಲಿಲ್ಲ ಅವನು. ನೆಗಡಿ ಬಂದಾಗ ಐದು, ಅದೂ ನನ್ನ ಬೈಕೊಂಡು.” ಕನ್ನಡಕ ತೆಗೆದ. “ಮಗಳೇ, ಹಾಡೋನು ಗಿಟಾರ್ ಕೈಗೋಸ್ಕರ ಶ್ರುತಿ ಇಳಿಸಲ್ಲ. ಉಸಿರು ಮೇಲಕ್ಕೆ ಹೋಗದಿದ್ರೆ ಇಳಿಸ್ತಾನೆ. ಇದು ನಿನ್ನ ಲೆಕ್ಕ ಅಲ್ಲ. ಅವನ ಗಂಟಲಿಂದು.”

ಕಾಸಿಲ್ದಾ ನೋಟ್‌ಬುಕ್ ವಾಪಸು ತೆಗೆದುಕೊಂಡಳು. ಆರು, ಐದು, ನಾಲ್ಕು, ಮೂರು, ಎರಡು. ಪ್ರಯೋಗಾಲಯದಲ್ಲಿ ಯಾವುದೇ ನಲ್ಲಿಯ ಅಂಕಿ ಹೀಗೆ ಇಳಿದಿದ್ದರೆ ಎರಡನೆಯ ವಾರವೇ ಫೋನ್ ಎತ್ತಿರುತ್ತಿದ್ದಳು. ಇಲ್ಲಿ ಐದು ತಿಂಗಳು ಅದರ ಪಕ್ಕದಲ್ಲೇ ‘ಬಡ್ತಿ’ ಎಂದು ಬರೆದಿದ್ದಳು. ಮಿಲಿಮೀಟರುಗಳಲ್ಲಿ ತಪ್ಪಿರಲಿಲ್ಲ.

ಅಲ್ಲಿಂದ ನೇರ ಫೆರ್ಮಿನ್ ಮನೆಗೆ ಹೋದಳು. ಅವನು ಕಿಟಕಿಯ ಬಳಿ ಕೂತು ಕಡಲೆ ನೆನೆಹಾಕಲು ಕಲ್ಲು ಆರಿಸುತ್ತಿದ್ದ. ಅವಳ ಮುಖ ನೋಡಿದವನೇ, “ಬಾಲ್ದೊಮೆರೊಗೆ ಪುಸ್ತಕ ತೋರಿಸ್ದ್ಯಾ?” ಎಂದ.

“ಯಾವಾಗಿಂದ?”

“ಫೆಬ್ರವರಿ. ಶ್ವಾಸಕೋಶ ಅಂತೆ. ನಲವತ್ತು ವರ್ಷ ಪೀಪಾಯಿ ಹಲಗೆ ಬಗ್ಗಿಸೋಕೆ ಹಾಕಿದ ಬೆಂಕಿ ಹೊಗೆ, ಎಲ್ಲಿಗೆ ಹೋಗುತ್ತೆ?”

“ನನಗೆ ಹೇಳಬಾರದಾಗಿತ್ತಾ?”

“ಹೇಳಿದ್ರೆ ಅದಕ್ಕೂ ಒಂದು ಕಾಲಂ ಎಳೀತಿದ್ದೆ ನೀನು.” ಕೈಯಲ್ಲಿದ್ದ ಕಡಲೆಯನ್ನು ಬಟ್ಟಲಿಗೆ ಹಾಕಿದ. “ಅಳಬೇಡ್ವೇ. ಮೆಟ್ಟಿಲು ಇಳಿಸಿದಾಗೆಲ್ಲ ಎಷ್ಟು ನಗ್ತಿದ್ದೆ! ನಮ್ಮಮ್ಮ ಹೋದ ಮೇಲೆ ನೀನು ಹಾಗೆ ನಕ್ಕಿದ್ದು ನೋಡಿರಲಿಲ್ಲ.”

ಅಂದು ಮನೆಗೆ ಬಂದು ಅವಳು ಅಭ್ಯಾಸ ಮಾಡಲಿಲ್ಲ. ಕ್ಯಾಲೆಂಡರ್ ತೆಗೆದು, ಗಿಟಾರ್ ಹಿಡಿದ ದಿನದಿಂದ ಬಾಗಿಲು ತೆರೆಯುವ ಮುಂಚಿನವರೆಗಿನ ಶನಿವಾರಗಳನ್ನು ಎಣಿಸಿದಳು. ಐವತ್ತೊಂಬತ್ತು. ಅಷ್ಟೂ ಶನಿವಾರ ಫೆರ್ಮಿನ್ ಬಾಗಿಲಿಗೆ ಬಂದಿದ್ದ. ಮೊದಲ ವರ್ಷವೆಲ್ಲ ಅವನ ಗಂಟಲು ಆರಕ್ಕೇ ನಿಂತಿತ್ತು.

ಆ ವರ್ಷದ ಕ್ರಿಸ್‌ಮಸ್ ಕೂಟ ಡಿಸೆಂಬರ್ 13ಕ್ಕೆ; ಆ ಹೊತ್ತಿಗೆ ಅವಳ ಎಣಿಕೆ ಐವತ್ತೈದು. ಅರವತ್ತಾಗಿರಲಿಲ್ಲ. ಸಂಜೆ ಏಳಕ್ಕೆ ಗಿಟಾರ್ ತೆಗೆದುಕೊಂಡು ವಠಾರದ ಅಂಗಳಕ್ಕೆ ಹೋದಳು. ಫೆರ್ಮಿನ್ ಅವಳ ತೋಳು ಹಿಡಿದು ನಡೆದ. ಆ ನೂರು ಹೆಜ್ಜೆಯಲ್ಲಿ ಎರಡು ಕಡೆ ನಿಂತ. ಬೆಂಕಿಯ ಸುತ್ತ ಹೆಂಗಸರು ಜೇನು ಸವರಿದ ಕರಿದ ತಿಂಡಿಯ ತಟ್ಟೆ ದಾಟಿಸುತ್ತಿದ್ದರು. ಬಾಲ್ದೊಮೆರೊ ಗೋಡೆಗೊರಗಿ ಕೂತಿದ್ದ. ಅಣ್ಣ ತಂಗಿ ಬಂದದ್ದು ನೋಡಿ ಇಬ್ಬರು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಕಾಸಿಲ್ದಾ ಅವನನ್ನು ಕೇಳದೆಯೇ ಅಡ್ಡಪಟ್ಟಿ ಬಿಗಿಯಬೇಕೆಂದಿದ್ದಳು, ಅವನ ಬಾಯಿಂದ ಆ ಅಂಕಿ ಹೊರಡದಿರಲಿ ಎಂದು. ಅಷ್ಟರಲ್ಲಿ ಫೆರ್ಮಿನ್ ಎಲ್ಲರಿಗೂ ಕೇಳುವಂತೆ, “ಒಂದಕ್ಕೆ ಹಾಕು, ಹುಡುಗೀ,” ಎಂದ.

“ಒಂದಾ?” ಎದುರುಮನೆಯ ಲಿಯೊಕಾದಿಯಾ ನಕ್ಕಳು. “ಏನೋ ಫೆರ್ಮಿನ್, ನೆಲಮಾಳಿಗೆಯಿಂದ ಹಾಡ್ತೀಯೇನೋ?”

ಕೆಲವರು ನಕ್ಕರು. ಉಳಿದವರು ನಗಲಿಲ್ಲ. ಆ ಅಂಗಳದಲ್ಲಿ ಫೆರ್ಮಿನ್ ಎಂದರೆ ಆರು ಎಂದು ಎಲ್ಲರಿಗೂ ಗೊತ್ತಿತ್ತು, ಆರರಿಂದ ಒಂದಕ್ಕೆ ಎಷ್ಟು ದೂರ ಎಂಬುದೂ. ಫೆರ್ಮಿನ್ ಉತ್ತರಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದ.

“ನಾನೇ ಕೇಳಿದ್ದು,” ಎಂದಳು ಕಾಸಿಲ್ದಾ. “ಒಂದರಲ್ಲಿ ಅಂತರ ಅಗಲ, ಬೆರಳಿಗೆ ಕಷ್ಟ. ಅದರಲ್ಲೇ ನುಡಿಸಿ ತೋರಿಸ್ಬೇಕು ಅಂತ ನಂಗೆ ಹಟ.”

“ಕೇಳಿದ್ರಾ?” ಎಂದ ಫೆರ್ಮಿನ್. “ಎರಡು ವರ್ಷಕ್ಕೇ ಇಷ್ಟು ಪೊಗರು. ನಾನೇನು ಮಾಡ್ಲಿ ಹೇಳಿ.”

ಈ ಸಲ ಎಲ್ಲರೂ ನಕ್ಕರು. ಅವನು ಹಾಡಿದ. ಮೊದಲ ಚರಣ ಪೂರ್ತಿ ಬಂತು. ಮೇಲಕ್ಕೆ ಏರುವ ಕಡೆ ಏರಲಿಲ್ಲ, ಬದಲಿಗೆ ಅವನು ಮಾತಾಡುವಂತೆ ಅದನ್ನು ಹೇಳಿದ, ಅದೇ ಹೆಚ್ಚು ತಾಗಿತು. ಕಾಸಿಲ್ದಾ ಅವನ ಬಾಯನ್ನೇ ನೋಡುತ್ತಿದ್ದಳು. ಅವನು ನಿಧಾನವಾದರೆ ಅವಳೂ ನಿಧಾನ, ಅವನು ತಡೆದರೆ ಅವಳೂ ತಡೆದು, ತಾಳಯಂತ್ರ ಎಂದೂ ಹೇಳಿಕೊಡದ ರೀತಿಯಲ್ಲಿ ಅವನಿಗೆ ಕಾದಳು. ಎರಡನೆಯ ಚರಣದ ಮೂರನೆಯ ಸಾಲಿಗೆ ಉಸಿರು ಮುಗಿಯಿತು. ಅವನು ಕೈ ಎತ್ತಿ ನಿಲ್ಲಿಸಿದ. ಲಿಯೊಕಾದಿಯಾ ಪಲ್ಲವಿ ಎತ್ತಿಕೊಂಡಳು, ಅವಳ ಹಿಂದೆ ಅಂಗಳದ ಹೆಂಗಸರೆಲ್ಲ. ಗಿಟಾರ್ ನಿಲ್ಲಲಿಲ್ಲ.

ನೋಟ್‌ಬುಕ್ಕಿನಲ್ಲಿ ಅಂದಿನ ಸಾಲಿಗೆ ದಿನಾಂಕ ಮಾತ್ರ ಇದೆ.

ಫೆರ್ಮಿನ್ ಫೆಬ್ರವರಿ ಒಂಬತ್ತರಂದು ತೀರಿಕೊಂಡ. ಕಾಸಿಲ್ದಾ ಎರಡು ದಿನ ರಜೆ ಹಾಕಿ, ಮೂರನೆಯ ದಿನ ಹನ್ನೊಂದು ನಲ್ಲಿಗಳ ನೀರು ಹಿಡಿಯಲು ಹೋದಳು. ಗಿಟಾರನ್ನು ಮಾರ್ಚ್ ಪೂರ್ತಿ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಬಾಲ್ದೊಮೆರೊ ಹೇಳಿ ಕಳಿಸಿದ; ಬುಧವಾರ ಸುಮ್ಮನೆ ಬಂದು ಕೂರು ಎಂದ. ಅವಳು ಹೋಗಿ ಸುಮ್ಮನೆ ಕೂತಳು. ಹಾಗೆಯೇ ರೂಢಿಯಾಯಿತು.

ಮೇ ತಿಂಗಳಲ್ಲಿ ಅವನ ಬಳಿ ಹೊಸ ಕಲಿಕೆಯವಳೊಬ್ಬಳು ಸೇರಿದಳು. ಓಬ್ದುಲಿಯಾ, ಟಪಾಲು ಹಂಚುವವಳು, ನಲವತ್ತೇಳು ವರ್ಷ. ಗಂಡ ಹಾಡುತ್ತಾನೆ. ಮೂರು ವಾರ ಕಳೆದಿದ್ದವು. ಬೆರಳ ತುದಿಯನ್ನು ಊದಿಕೊಳ್ಳುತ್ತ, ಅವಳು ಕಾಸಿಲ್ದಾಳ ಕಡೆ ತಿರುಗಿದಳು.

“ನೀವು ಎಲ್ಲಾ ಬರೆದಿಡ್ತಿದ್ರಂತಲ್ಲಾ ಮೇಡಂ? ನಮ್ಮೋರು ದಿನಾ ಕೇಳ್ತಾರೆ, ನಂಗೆ ಯಾವಾಗ ನುಡಿಸ್ತೀಯ ಅಂತ. ಸರಿಯಾಗಿ ಬರೋ ತನಕ ಬೇಡ ಅಂದಿದೀನಿ. ನಿಮಿಷಕ್ಕೆ ಎಷ್ಟು ಬದಲಾವಣೆ ಬಂದ್ರೆ ಹಾಡೋರ ಜೊತೆ ಕೂರಬಹುದು?”

ಬಾಲ್ದೊಮೆರೊ ಕಿಟಕಿಯ ಕಡೆ ನೋಡಿದ. ಕಾಸಿಲ್ದಾ ಚೀಲದಿಂದ ನೋಟ್‌ಬುಕ್ ತೆಗೆದಳು. ಕೊನೆಯ ಪುಟಗಳನ್ನು ತೆರೆಯಲಿಲ್ಲ. ಮೊದಲ ಪುಟ ತಿರುವಿ, ಮೊದಲ ಸಾಲಿನ ಮೇಲೆ ಬೆರಳಿಟ್ಟಳು: 7 ಜನವರಿ 2013, ಗಿಟಾರ್ ಹಿಡಿದ ಮೊದಲ ದಿನ, ಮೊದಲ ನಿಮಿಷ. ಅಲ್ಲಿದ್ದ ಬದಲಾವಣೆಯ ಅಂಕಿಯನ್ನು ಗಟ್ಟಿಯಾಗಿ ಓದಿದಳು.

“ಒಂಬತ್ತು.”